ಹಳೆಯ ಕಬ್ಬಿಣವೆಂದವರಿಗೆ ಒಂದು ಉತ್ತರ

ಕಳೆದ ತಿಂಗಳ ಸಭೆ ಮುಗಿದು ಎಲ್ಲರೂ ಉಪ್ಪಿಟ್ಟು, ಕಾಫಿಯ ಮುಂದೆ ನಿಂತಿದ್ದ ಹೊತ್ತು. ಮಾತು ಎಲ್ಲಿಂದಲೋ ಹೊರಟು 'ವಿಕ್ರಾಂತ್' ಹಡಗಿನ ಮೇಲೆ ಬಂದು ನಿಂತಿತು. "ಅಯ್ಯೋ, ಹಳೇ ಕಬ್ಬಿಣ ಕಣ್ರೀ ಅದು. ತುಕ್ಕು ಹಿಡೀತಾ ನಿಂತಿತ್ತು. ಮಾರಿದ್ದಕ್ಕೆ ಅರವತ್ತು ಕೋಟಿ ಬಂತು, ಜಾಗಾನೂ ಖಾಲಿ ಆಯ್ತು. ಇನ್ನೂ ಯಾಕೆ ಗೋಳಾಡ್ತೀರಿ?" ಎಂದು ನಮ್ಮ ಹಿರಿಯ ಸದಸ್ಯರೊಬ್ಬರು ತೀರ್ಪು ಕೊಟ್ಟರು. ಸುತ್ತಲಿದ್ದವರು ತಲೆದೂಗಿದರು. ನಾನು ಸುಮ್ಮನೆ ಕಾಫಿ ಕುಡಿದೆ.

ಸರ್ಕಾರಿ ಗುಮಾಸ್ತನಿಗೆ ಸಭೆಯಲ್ಲಿ ಉತ್ತರ ಹೊಳೆಯುವುದಿಲ್ಲ. ಮನೆಗೆ ಹಿಂದಿರುಗುವ ಲೋಕಲ್ ಗಾಡಿಯಲ್ಲಿ, ಅದೂ ಕೂರಲು ಜಾಗ ಸಿಕ್ಕಿದರೆ, ಹೊಳೆಯುತ್ತದೆ. ಹೊಳೆದದ್ದನ್ನು ಟಿಪ್ಪಣಿ ಮಾಡಿ ಮೇಲಕ್ಕೆ ಕಳಿಸುವುದು ನಮ್ಮ ಕಸುಬು. ಈ ಬರಹ ಅಂಥದೊಂದು ಟಿಪ್ಪಣಿ. ಆ ಹಿರಿಯರು ನನಗೆ ಪೂಜ್ಯರು, ಆದರೆ ಅವರ ಮಾತು ಒಪ್ಪತಕ್ಕದ್ದಲ್ಲ.

'ವಿಕ್ರಾಂತ್'ನ ಕಥೆ ಮುಂಬಯಿಯಲ್ಲಿರುವ ನಮಗೆಲ್ಲ ಗೊತ್ತು. 1961ರಲ್ಲಿ ನಮ್ಮ ನೌಕಾಪಡೆ ಸೇರಿದ ಹಡಗು. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ನಿಂತು ತನ್ನ ವಿಮಾನಗಳನ್ನು ಹಾರಿಸಿತು. 1997ರ ಜನವರಿ 31ರಂದು ನಿವೃತ್ತವಾಯಿತು. ಆಮೇಲೆ ಇಲ್ಲಿಯೇ ವಸ್ತುಸಂಗ್ರಹಾಲಯವಾಗಿ ನಿಂತು, 2012ರಲ್ಲಿ ಸುರಕ್ಷಿತವಲ್ಲವೆಂದು ಬಾಗಿಲು ಹಾಕಿಸಿಕೊಂಡಿತು. 2014ರಲ್ಲಿ ಹರಾಜಾಯಿತು, ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೂ ಫಲ ಸಿಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಒಡೆಯುವ ಕೆಲಸ ಆರಂಭವಾಯಿತು. 2016ರಲ್ಲಿ ಅದರ ಉಕ್ಕು ಸೇರಿಸಿದ ಮೋಟಾರ್ ಸೈಕಲ್ ಪೇಟೆಗೆ ಬಂದಿತು.

ಆದರೆ ನನ್ನ ವಾದಕ್ಕೆ 'ವಿಕ್ರಾಂತ್'ನಂಥ ದೊಡ್ಡ ಹೆಸರು ಬೇಡ. ದೊಡ್ಡವರಿಗಾಗಿ ಅಳುವವರು ನಾಲ್ಕು ಜನ ಇದ್ದೇ ಇರುತ್ತಾರೆ. ಹೆಸರೇ ಇಲ್ಲದ, ಬರಿಯ ನಂಬರಿನ ಹಡಗೊಂದರ ಸರ್ವಿಸ್ ಬುಕ್ಕನ್ನು ತಮ್ಮ ಮುಂದೆ ತೆರೆಯುತ್ತೇನೆ. ಅಮೆರಿಕದ ನೌಕಾಪಡೆಯ ಆ ಹಡಗಿನ ನಂಬರು ಎಲ್.ಎಸ್.ಟಿ. 325.

ಎಲ್.ಎಸ್.ಟಿ. ಎಂದರೆ ಟ್ಯಾಂಕುಗಳನ್ನು ದಡಕ್ಕೆ ಇಳಿಸುವ ಹಡಗು. ಬಂದರು ಬೇಕಿಲ್ಲ, ಧಕ್ಕೆ ಬೇಕಿಲ್ಲ, ಕ್ರೇನು ಬೇಕಿಲ್ಲ. ನೇರವಾಗಿ ಮರಳ ದಂಡೆಗೆ ಬಂದು ಮೂತಿ ಊರುತ್ತದೆ. ಮುಂಭಾಗದ ಎರಡು ಬಾಗಿಲು ಗೋದಾಮಿನ ಬಾಗಿಲಿನಂತೆ ತೆರೆಯುತ್ತವೆ. ಒಳಗಿನಿಂದ ಒಂದು ಇಳಿಜಾರು ಹಲಗೆ ಕೆಳಗಿಳಿಯುತ್ತದೆ. ಹೊಟ್ಟೆಯೊಳಗಿನ ಟ್ಯಾಂಕು, ಲಾರಿಗಳು ತಮ್ಮ ಚಕ್ರದ ಮೇಲೆ ತಾವೇ ಉರುಳಿ ದಡ ಸೇರುತ್ತವೆ. ಕೇಳಲು ಸುಲಭ. ಆದರೆ ಬಿ.ಎಸ್ಸಿ.ಯಲ್ಲಿ ತೇಲುವಿಕೆಯ ಪಾಠ ಓದಿದವರಿಗೆ ಇಲ್ಲಿರುವ ತೊಡಕು ಕೂಡಲೇ ಕಾಣುತ್ತದೆ. ಅಟ್ಲಾಂಟಿಕ್ ದಾಟುವ ಹಡಗು ನೀರಿನಲ್ಲಿ ಆಳವಾಗಿ ಕುಳಿತಿರಬೇಕು, ಇಲ್ಲವಾದರೆ ಅಲೆಗೆ ಮಗುಚೀತು. ದಂಡೆಗೆ ಬರುವ ಹಡಗು ತೆಳ್ಳಗೆ ತೇಲಬೇಕು, ಇಲ್ಲವಾದರೆ ದೂರದಲ್ಲೇ ನೆಲಕ್ಕೆ ತಾಗೀತು. ಎರಡೂ ಗುಣ ಒಂದೇ ಹಡಗಿಗೆ ಬೇಕು.

1940ರಲ್ಲಿ ಡನ್‌ಕರ್ಕಿನಿಂದ ಹಿಂದೆ ಸರಿದ ಬ್ರಿಟಿಷರು ಮತ್ತೆ ಯೂರೋಪಿಗೆ ಕಾಲಿಡುವ ಉಪಾಯ ಹುಡುಕುತ್ತಿದ್ದರು. ಅವರ ಕೋರಿಕೆ ಅಮೆರಿಕ ತಲುಪಿತು. 1941ರ ನವೆಂಬರಿನಲ್ಲಿ ಅಮೆರಿಕದ ನೌಕಾ ಇಲಾಖೆಯ ಜಾನ್ ನೀಡರ್‌ಮೇರ್ ಎಂಬ ವಿನ್ಯಾಸಕಾರ ಕೆಲವೇ ಗಂಟೆಗಳಲ್ಲಿ ಒಂದು ನಕ್ಷೆ ಗೀಚಿ ಕೊಟ್ಟ. ಅವನ ಉಪಾಯ ಸರಳ. ಹಡಗಿನ ಅಡಿಯಲ್ಲೂ ಪಕ್ಕದಲ್ಲೂ ನೀರಿನ ತೊಟ್ಟಿಗಳಿರಲಿ. ಸಮುದ್ರದಲ್ಲಿ ಅವುಗಳಿಗೆ ನೀರು ತುಂಬಿದರೆ ಹಡಗು ಆಳಕ್ಕೆ ಕೂರುತ್ತದೆ. ದಂಡೆ ಹತ್ತಿರವಾದಾಗ ಪಂಪಿನಿಂದ ನೀರು ಹೊರಹಾಕಿದರೆ ಮೇಲೆದ್ದು ತೇಲುತ್ತದೆ. 328 ಅಡಿ ಉದ್ದ, 50 ಅಡಿ ಅಗಲದ ಹಡಗು ದಂಡೆಗೆ ಬರುವಾಗ ಮೂತಿಯ ಬಳಿ ಸುಮಾರು ನಾಲ್ಕೇ ಅಡಿ ನೀರಿನಲ್ಲಿ ತೇಲುತ್ತಿತ್ತು. ನಮ್ಮ ಹಳ್ಳಿಯ ಕೆರೆಯಲ್ಲಿ ಎಮ್ಮೆ ಅದಕ್ಕಿಂತ ಆಳದಲ್ಲಿ ಮಲಗುತ್ತದೆ. ಬಂದ ಹಡಗು ವಾಪಸು ಹೋಗುವುದು ಹೇಗೆ? ದಂಡೆಗೆ ಬರುವ ಮುಂಚೆಯೇ ಹಿಂಭಾಗದ ಲಂಗರನ್ನು ಕಡಲಿಗೆ ಬಿಟ್ಟು ಬರುವುದು. ಕೆಲಸ ಮುಗಿದ ಮೇಲೆ ಅದರ ಹಗ್ಗ ಸುತ್ತುತ್ತ ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುವುದು. ಒಳಗೆ ಟ್ಯಾಂಕುಗಳ ಎಂಜಿನ್ನು ಒಟ್ಟಿಗೆ ಓಡಿದಾಗ ಹೊಗೆಯಿಂದ ಸಿಪಾಯಿಗಳು ಉಸಿರುಗಟ್ಟದಂತೆ ಗಾಳಿ ಹೇಗೆ ಆಡಿಸಬೇಕೆಂದು ತಿಳಿಯಲು ಕೆಂಟಕಿಯ ಫೋರ್ಟ್ ನಾಕ್ಸಿನಲ್ಲಿ, ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿ, ಹಡಗಿನ ಹೊಟ್ಟೆಯಂಥದೇ ಒಂದು ಕಟ್ಟಡ ಕಟ್ಟಿ ಪರೀಕ್ಷಿಸಿದರು.

ಹೀಗೆ ಹುಟ್ಟಿದ ಹಡಗಿಗೆ ಚೆಲುವಿಲ್ಲ. ತಳ ಚಪ್ಪಟೆ, ಅಲೆಯಲ್ಲಿ ಹೊರಳಾಟ ಜಾಸ್ತಿ, ಹತ್ತಿದವರಿಗೆಲ್ಲ ವಾಂತಿ. ವೇಗ ಗಂಟೆಗೆ ಹೆಚ್ಚೆಂದರೆ ಹನ್ನೆರಡು ನಾಟ್. ಎಲ್.ಎಸ್.ಟಿ. ಎಂದರೆ 'ಲಾರ್ಜ್ ಸ್ಲೋ ಟಾರ್ಗೆಟ್', ಅಂದರೆ ದೊಡ್ಡದಾದ, ನಿಧಾನವಾದ ಗುರಿ ಎಂದು ಅದರ ನಾವಿಕರೇ ತಮಾಷೆ ಮಾಡುತ್ತಿದ್ದರು. ಯುದ್ಧನೌಕೆಗಳಿಗೆ ರಾಜ್ಯಗಳ, ನಗರಗಳ, ವೀರರ ಹೆಸರಿಟ್ಟರು. ಇವಕ್ಕೆ ಬರಿಯ ನಂಬರು. ನೌಕಾಪಡೆಯಲ್ಲಿ ಗುಮಾಸ್ತರ ವರ್ಗವೊಂದಿದ್ದರೆ ಅದು ಇದೇ. ಕಡತ ಹೊತ್ತು ತರುವುದು, ಮೇಜಿಗೆ ಮುಟ್ಟಿಸುವುದು, ಮತ್ತೆ ಹೋಗುವುದು. ಸಹಿ ಮಾಡಿ ಹೆಸರು ಪಡೆಯುವವರು ಬೇರೆ.

ಆದರೆ ಈ ಗುಮಾಸ್ತ ಇಲ್ಲದೆ ಕಚೇರಿ ನಡೆಯಲಿಲ್ಲ. ಯುದ್ಧಕಾಲದಲ್ಲಿ ಅಮೆರಿಕ ಇಂಥ 1,051 ಹಡಗುಗಳನ್ನು ಕಟ್ಟಿತು. ಕರಾವಳಿಯ ಕಾರ್ಖಾನೆಗಳು ಸಾಲದೆ ಒಳನಾಡಿನ ನದಿತೀರಗಳಲ್ಲಿ, ಜೋಳದ ಹೊಲಗಳ ಪಕ್ಕದಲ್ಲಿ ಕಟ್ಟಿ, ನದಿಯ ಮೇಲೆ ತೇಲಿಸಿ ಸಮುದ್ರಕ್ಕೆ ಕಳಿಸಿದರು. ಇಂಡಿಯಾನಾ ರಾಜ್ಯದ ಎವನ್ಸ್‌ವಿಲ್ ಎಂಬ ಊರೊಂದೇ, ಒಹಾಯೊ ನದಿಯ ದಡದಲ್ಲಿ, 167 ಹಡಗುಗಳನ್ನು ಕಟ್ಟಿತು. ಇಷ್ಟಾದರೂ ಸಾಲಲಿಲ್ಲ. ಮೊದಲು 1944ರ ಮೇ ತಿಂಗಳಿಗೆ ಯೋಚಿಸಿದ್ದ ನಾರ್ಮಂಡಿಯ ದಾಳಿ ಜೂನಿಗೆ ಹೋದುದಕ್ಕೆ ಇನ್ನೊಂದು ತಿಂಗಳ ದಂಡೆ-ಹಡಗುಗಳು ಕೈಗೆ ಬರಲಿ ಎಂಬುದೂ ಒಂದು ಕಾರಣ. ದೊಡ್ಡ ದೊಡ್ಡ ಜನರಲ್‌ಗಳು ನಕ್ಷೆಯ ಮುಂದೆ ನಿಂತು ಎಣಿಸುತ್ತಿದ್ದುದು ಈ ನಂಬರಿನ ಹಡಗುಗಳನ್ನೇ.

ಈಗ 325ರ ಸರ್ವಿಸ್ ಬುಕ್ಕು. ಫಿಲಡೆಲ್ಫಿಯಾದ ನೌಕಾ ಕಾರ್ಖಾನೆಯಲ್ಲಿ ಕಟ್ಟಿ 1942ರ ಅಕ್ಟೋಬರ್ 27ರಂದು ನೀರಿಗಿಳಿಸಿದರು. 1943ರ ಫೆಬ್ರವರಿ 1ರಂದು ನೌಕರಿಗೆ ಸೇರಿತು. ಮಾರ್ಚಿನಲ್ಲಿ ಆಫ್ರಿಕದ ಓರಾನಿಗೆ ಹೊರಟಿತು. ಆ ವರ್ಷ ಜುಲೈ 10ರಂದು ಸಿಸಿಲಿ ದ್ವೀಪದ ಗೇಲಾ ದಂಡೆ. ಸೆಪ್ಟೆಂಬರಿನಲ್ಲಿ ಇಟಲಿಯ ಸಲೆರ್ನೊ. ಹೋಗುವಾಗ ಲಾರಿ, ಸಿಪಾಯಿ. ಒಮ್ಮೆ ಬರುವಾಗ ಇಟಲಿಯ ಯುದ್ಧಕೈದಿಗಳು. ನವೆಂಬರಿನಲ್ಲಿ ಜರ್ಮನ್ ವಿಮಾನಗಳ ದಾಳಿಯ ನಡುವೆ ಇಂಗ್ಲೆಂಡ್ ಸೇರಿತು.

1944ರ ಜೂನ್ 6, ನಾರ್ಮಂಡಿಯ ದಿನ. ಚಿತ್ರಗಳಲ್ಲಿ ನಾವು ನೋಡಿರುವ ದಿನ. 325 ಆ ದಿನ ಹಿಂದಿನ ಸಾಲಿನಲ್ಲಿ, ಸರದಿಯಲ್ಲಿ ನಿಂತಿತ್ತು. ಮಾರನೆಯ ದಿನ, ಜೂನ್ 7ರಂದು, ಓಮಹಾ ದಂಡೆಯ ಮುಂದೆ ಲಂಗರು ಹಾಕಿ ತನ್ನ ಹೊರೆ ಇಳಿಸಿತು. ಚರಿತ್ರೆಗೆ 6 ಬೇಕು. 7ರಿಂದ ಆಚೆಗೆ ಯಾರೂ ಎಣಿಸುವುದಿಲ್ಲ. ಆದರೆ ಯುದ್ಧ ನಿಂತಿದ್ದು 7ರ ಮೇಲೆ, 8ರ ಮೇಲೆ, ಆಮೇಲಿನ ಮುನ್ನೂರು ದಿನಗಳ ಮೇಲೆ. 1945ರ ಏಪ್ರಿಲಿನವರೆಗೆ ಈ ಹಡಗು ಇಂಗ್ಲಿಷ್ ಕಾಲುವೆಯನ್ನು ನಲವತ್ತಕ್ಕೂ ಹೆಚ್ಚು ಸಲ ದಾಟಿ ಫ್ರಾನ್ಸಿಗೆ ಹೋಗಿ ಬಂತು. ಒಯ್ದದ್ದು ಗುಂಡು, ಗಾಡಿ, ಯುವಕರು, ತಂದದ್ದು ಗಾಯಾಳುಗಳು. 1944ರ ಡಿಸೆಂಬರ್ 28ರಂದು ಸೈನಿಕರನ್ನು ಹೊತ್ತಿದ್ದ 'ಎಂಪೈರ್ ಜಾವೆಲಿನ್' ಹಡಗಿಗೆ ಫ್ರಾನ್ಸಿನ ಕರಾವಳಿಯ ಆಚೆ ಟಾರ್ಪೆಡೊ ಬಡಿದಾಗ, ಸುಮಾರು ಏಳುನೂರು ಜನರನ್ನು ನೀರು ಪಾಲಾಗದಂತೆ ಉಳಿಸುವ ಕೆಲಸದಲ್ಲಿ ಕೈಗೂಡಿಸಿತು. 1945ರ ಮೇ ತಿಂಗಳಲ್ಲಿ ಸ್ವದೇಶಕ್ಕೆ ಮರಳುವಾಗ ಬಿರುಗಾಳಿಗೆ ಸಿಕ್ಕಿ ಮೇಲ್ಡೆಕ್ಕು ಬಿರುಕು ಬಿಟ್ಟಿತು. ಹಡಗಿನ ಕಮ್ಮಾರರು ಆ ಗಾಳಿಯಲ್ಲಿಯೇ ಬಿರುಕಿನ ಮೇಲೆ ಉಕ್ಕಿನ ತಗಡು ಬೆಸೆದು ಅದನ್ನು ಊರು ಮುಟ್ಟಿಸಿದರು. ಅವರಿಗೂ ಚರಿತ್ರೆಯಲ್ಲಿ ಹೆಸರಿಲ್ಲ.

1946ರ ಜುಲೈ 2ರಂದು ಕೆಲಸದಿಂದ ಬಿಡುಗಡೆ. 1951ರಲ್ಲಿ ಮತ್ತೆ ಕರೆ ಬಂತು: ಗ್ರೀನ್‌ಲ್ಯಾಂಡ್, ಲ್ಯಾಬ್ರಡಾರ್ ಕಡೆಯ ಹಿಮಗಡಲಿನಲ್ಲಿ ರಡಾರ್ ಠಾಣೆಗಳನ್ನು ಕಟ್ಟುವವರಿಗೆ ಸಾಮಾನು ಸಾಗಿಸುವ ಕೆಲಸ. 1964ರಲ್ಲಿ ಗ್ರೀಸ್ ದೇಶಕ್ಕೆ ವರ್ಗಾವಣೆ. ಅಲ್ಲಿ 'ಸಿರೋಸ್' ಎಂಬ ಹೆಸರಿನಲ್ಲಿ 1999ರವರೆಗೆ ದುಡಿಮೆ. ಮೂವತ್ತೈದು ವರ್ಷ! ನಮ್ಮಲ್ಲಿ ಅಷ್ಟು ವರ್ಷ ದುಡಿದವನಿಗೆ ಒಂದು ಶಾಲು, ಒಂದು ತೆಂಗಿನಕಾಯಿ, ಗೋಡೆಗಡಿಯಾರವಾದರೂ ಸಿಗುತ್ತದೆ. ಇದಕ್ಕೆ ಕಾದಿದ್ದು ಗುಜರಿ.

ಇಲ್ಲಿಯೇ ನನ್ನ ವಾದದ ಗಂಟಿರುವುದು. ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಕೆಲವು ಮುದುಕರಿದ್ದರು. ಯೌವನದಲ್ಲಿ ಇಂಥ ಹಡಗುಗಳಲ್ಲಿ, ಇತರ ಹಡಗುಗಳಲ್ಲಿ ದುಡಿದವರು. ಸಾವಿರ ಹಡಗು ಕಟ್ಟಿದ ದೇಶದಲ್ಲಿ ಮೊಮ್ಮಕ್ಕಳಿಗೆ ತೋರಿಸಲು ಓಡುವ ಒಂದು ಹಡಗೂ ಇಲ್ಲವಲ್ಲ ಎಂಬ ಸಂಕಟ ಅವರದು. ಸಂಘ ಕಟ್ಟಿದರು, ಚಂದಾ ಎತ್ತಿದರು, ಗ್ರೀಸಿನವರನ್ನು ಕೇಳಿದರು. 2000ದ ಬೇಸಿಗೆಯಲ್ಲಿ ಕ್ರೀಟ್ ದ್ವೀಪದ ಸೂಡಾ ಕೊಲ್ಲಿಗೆ ಹೋಗಿ, ಸುಡುವ ಉಕ್ಕಿನೊಳಗೆ ಇಳಿದು ಎಂಜಿನ್ನು, ಪೈಪು, ವೈರುಗಳನ್ನು ತಾವೇ ರಿಪೇರಿ ಮಾಡಿದರು. ಈ ವಯಸ್ಸಿನಲ್ಲಿ, ಈ ಹಡಗಿನಲ್ಲಿ ಅಟ್ಲಾಂಟಿಕ್ ದಾಟುವುದು ಬೇಡವೆಂದು ಅಧಿಕಾರಿಗಳು ಬುದ್ಧಿ ಹೇಳಿದರು. ಮುದುಕರು ಕೇಳಲಿಲ್ಲ. ರಾಬರ್ಟ್ ಜಾರ್ನ್‌ಲಿನ್ ಕಪ್ತಾನರಾಗಿ, ಮೂವತ್ತರೊಳಗಿನ ಮಂದಿ, ಸರಾಸರಿ ವಯಸ್ಸು 72, ನವೆಂಬರ್ 14ರಂದು ಕ್ರೀಟ್ ಬಿಟ್ಟರು. ಡಿಸೆಂಬರ್ 12ರಂದು ಜಿಬ್ರಾಲ್ಟರ್ ಬಿಟ್ಟರು. 2001ರ ಜನವರಿ 10ರಂದು ಅಲಬಾಮಾ ರಾಜ್ಯದ ಮೊಬೀಲ್ ಬಂದರಿಗೆ ಹಡಗನ್ನು ತಂದು ನಿಲ್ಲಿಸಿದರು. ಚಳಿಗಾಲದ ಅಟ್ಲಾಂಟಿಕ್, 58 ವರ್ಷದ ಹಡಗು, ಬಿ.ಪಿ. ಮಾತ್ರೆಯ ಡಬ್ಬಿ ಜೇಬಿನಲ್ಲಿಟ್ಟುಕೊಳ್ಳುವ ವಯಸ್ಸಿನ ನಾವಿಕರು. ನಮ್ಮಲ್ಲಿ ಆ ವಯಸ್ಸಿನವರನ್ನು ಮಕ್ಕಳು ಒಬ್ಬರೇ ರಸ್ತೆ ದಾಟಲೂ ಬಿಡುವುದಿಲ್ಲ.

2005ರಲ್ಲಿ ಆ ಹಡಗಿಗೆ ಕಾಯಂ ನೆಲೆ ಕೊಟ್ಟದ್ದು ಎವನ್ಸ್‌ವಿಲ್. 167 ಹಡಗು ಕಟ್ಟಿದ ಅದೇ ಊರು. 325 ಅಲ್ಲಿ ಹುಟ್ಟಿದ್ದಲ್ಲ, ಫಿಲಡೆಲ್ಫಿಯಾದ ಕೂಸು. ಆದರೂ ತಮ್ಮ ಅಪ್ಪ ಅಮ್ಮಂದಿರು ಬೆಸೆದ ಹಡಗುಗಳ ಅಕ್ಕತಂಗಿ ಇದು ಎಂದು ಊರವರು ಮನೆ ತುಂಬಿಸಿಕೊಂಡರು. ಹುಟ್ಟಿದ ಊರು ಬಿಟ್ಟು ದುಡಿದ ಊರಿನಲ್ಲಿ ಬೇರೂರಿದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಇಂದಿಗೂ ಅದು ಬರಿಯ ಬೊಂಬೆಯಲ್ಲ. ತನ್ನ ಎಂಜಿನ್ನಿನ ಬಲದಿಂದಲೇ ನದಿಗಳಲ್ಲಿ ಸಂಚಾರ ಹೊರಡುತ್ತದೆ, ದಾರಿಯ ಊರುಗಳಲ್ಲಿ ಜನ ಸಾಲುಗಟ್ಟಿ ಹತ್ತಿ ನೋಡುತ್ತಾರೆ.

ಇನ್ನು ಆಕ್ಷೇಪಗಳಿಗೆ ಬರೋಣ.

ಮೊದಲನೆಯದು: "ಅಮೆರಿಕದವರ ಹತ್ತಿರ ದುಡ್ಡಿದೆ, ಮಾಡುತ್ತಾರೆ." ಸ್ವಾಮಿ, ದುಡ್ಡಿದ್ದ ಅಮೆರಿಕ ಸರ್ಕಾರ ಮಾಡಿದ್ದೇನು? 1,051ರಲ್ಲಿ ಹೆಚ್ಚಿನವನ್ನು ಮಾರಿತು, ಒಡೆಯಿತು, ಬೇರೆ ದೇಶಗಳಿಗೆ ಕೊಟ್ಟಿತು. ಇಂದು ಆ ದೇಶದಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿದಿರುವವು ಎರಡೇ: ಈ 325, ಮತ್ತು ಮಿಷಿಗನ್ನಿನ ಮಸ್ಕೀಗನ್‌ನಲ್ಲಿರುವ 393. ದುಡ್ಡಿನಿಂದ ಉಳಿಯುವುದಾಗಿದ್ದರೆ ನೂರಾರು ಉಳಿಯಬೇಕಿತ್ತು. 325 ಉಳಿದದ್ದು ಅದರ ಮೇಲೆ ದುಡಿದವರು ಎದ್ದು ಹೋದದ್ದರಿಂದ.

ಎರಡನೆಯದು: "ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸ." ಇದನ್ನು ನಾನು ಒಳಗಿನವನಾಗಿ ಹೇಳುತ್ತೇನೆ, ಕೇಳಿ. ನಮ್ಮ ಕಚೇರಿಗಳಲ್ಲಿ ಕಡತಗಳಿಗೆ ಎ, ಬಿ, ಸಿ ಎಂದು ವರ್ಗಗಳಿವೆ. ಎ ಮತ್ತು ಬಿ ಶಾಶ್ವತವಾಗಿ ಇಡತಕ್ಕವು. ಸಿ ಎಂದರೆ ಇಷ್ಟು ವರ್ಷ ಇಟ್ಟು ಆಮೇಲೆ ನಾಶಮಾಡತಕ್ಕದ್ದು. ವರ್ಗ ಹಾಕುವವನು ನನ್ನಂಥ ಗುಮಾಸ್ತ. ಸಹಿ ಹಾಕುವವರು ಸೆಕ್ಷನ್ ಅಧಿಕಾರಿ. ಮಂತ್ರಿಗಳ ಸಹಿ ಇರುವ ಕಾಗದ ಎ ಆಗುತ್ತದೆ. ಸಾಮಾನು ಸಾಗಿಸಿದ ಲೆಕ್ಕ, ಲಾರಿಯ ಡೈರಿ, ದಿನಗೂಲಿಯ ಹಾಜರಿ ಸಿ ಆಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಕಪಾಟು ಚಿಕ್ಕದು, ಅಷ್ಟೆ. ಎಲ್ಲ ದೇಶದ ಎಲ್ಲ ಸರ್ಕಾರವೂ ಎಲ್.ಎಸ್.ಟಿ.ಗಳನ್ನು ಸಿ ವರ್ಗಕ್ಕೇ ಹಾಕುವುದು. ಸಿ ವರ್ಗದ್ದನ್ನು ಉಳಿಸಬೇಕಾದವರು ಸಿ ವರ್ಗದವರೇ. ನಾವೇ.

ನಮ್ಮ ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ, ಹೇಳಿದರೆ ಸುಳ್ಳಾದೀತು. ವಿಶಾಖಪಟ್ಟಣದ ಕಡಲ ತೀರದಲ್ಲಿ 'ಕುರ್ಸುರ' ಜಲಾಂತರ್ಗಾಮಿ 2002ರಿಂದ ಜನರನ್ನು ಒಳಗೆ ಕರೆಯುತ್ತಿದೆ. ನಮ್ಮ ಕಾರವಾರದ ದಂಡೆಯ ಮೇಲೆ 'ಚಪಲ್' ಎಂಬ ಕ್ಷಿಪಣಿ ದೋಣಿ ನಿಂತಿದೆ. ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ. ಆದರೆ ಕ್ಷಿಪಣಿ ಹಾರಿಸುವ ದೋಣಿಗೆ ಸಿಕ್ಕ ಭಾಗ್ಯ ಹೊರೆ ಹೊರುವ ಹಡಗಿಗೆ ಸಿಗಲಿಲ್ಲ. ನಮ್ಮಲ್ಲೂ ಎಲ್.ಎಸ್.ಟಿ. ಇತ್ತು. ಬ್ರಿಟಿಷರ 'ಅವೆಂಜರ್' ಎಂಬ, ಯುದ್ಧಕಾಲದ ವಿನ್ಯಾಸದ ಹಡಗು 1949ರಲ್ಲಿ ನಮ್ಮ ನೌಕಾಪಡೆಗೆ ಬಂದು 'ಮಗರ್' ಆಯಿತು. ಮಗರ್ ಎಂದರೆ ಮೊಸಳೆ. ನೀರಿನಲ್ಲೂ ದಂಡೆಯಲ್ಲೂ ಇರುವ ಪ್ರಾಣಿಗೆ ತಕ್ಕ ಹೆಸರು. ಅದೇ ಹೆಸರಿನ ಎರಡನೆಯ ಹಡಗು ನಮ್ಮ ದೇಶದಲ್ಲಿಯೇ ಕಟ್ಟಿದ್ದು, 1987ರಿಂದ 2023ರ ಮೇ ತಿಂಗಳವರೆಗೆ ದುಡಿಯಿತು. ಮೊದಲ ಮಗರನ್ನು ನೋಡಲು ಇಂದು ಎಲ್ಲಿಗೆ ಹೋಗಬೇಕು? ಎಲ್ಲಿಗೂ ಹೋಗುವಂತಿಲ್ಲ. ಅದರ ಹೆಸರನ್ನು ನಮ್ಮ ಎಷ್ಟು ಜನ ಕೇಳಿದ್ದಾರೆ, ತಾವೇ ಎದೆ ಮುಟ್ಟಿಕೊಂಡು ಹೇಳಿ.

ಮೂರನೆಯದು: "ಯುದ್ಧದ ಸಾಮಾನನ್ನು ಪೂಜೆ ಮಾಡುವುದು ಒಳ್ಳೆಯದೇ?" ಇದು ತೂಕವಿರುವ ಪ್ರಶ್ನೆ. ತೋಪಿಗೆ ಹೂಮಾಲೆ ಹಾಕುವುದು ನನಗೂ ಬೇಡ. ಆದರೆ ಎಲ್.ಎಸ್.ಟಿ.ಯ ಹೊಟ್ಟೆಯೊಳಗೆ ನಿಂತವನಿಗೆ ಯುದ್ಧದ ವೈಭವ ಕಾಣುವುದಿಲ್ಲ, ಯುದ್ಧದ ಖರ್ಚು ಕಾಣುತ್ತದೆ. 1944ರ ಏಪ್ರಿಲ್ 28ರ ರಾತ್ರಿ ಇಂಗ್ಲೆಂಡಿನ ಸ್ಲ್ಯಾಪ್ಟನ್ ದಂಡೆಯ ಆಚೆ ಈ ಹಡಗುಗಳು ನಾರ್ಮಂಡಿಯ ತಾಲೀಮು ನಡೆಸುತ್ತಿದ್ದಾಗ ಜರ್ಮನ್ ಟಾರ್ಪೆಡೊ ದೋಣಿಗಳು ನುಗ್ಗಿ 507 ಮತ್ತು 531ನೆಯ ನಂಬರಿನ ಹಡಗುಗಳನ್ನು ಮುಳುಗಿಸಿದವು. ಸತ್ತವರು 749 ಮಂದಿ. ದಾಳಿಯ ಗುಟ್ಟು ಬಯಲಾಗಬಾರದೆಂದು ಬದುಕಿದವರಿಗೆ ಬಾಯಿ ಮುಚ್ಚಿಕೊಂಡಿರಲು ಆಜ್ಞೆಯಾಯಿತು. ಅದಾಗಿ ತಿಂಗಳೊಳಗೆ, ಮೇ 21ರಂದು, ಪರ್ಲ್ ಹಾರ್ಬರಿನ ವೆಸ್ಟ್ ಲಾಕ್‌ನಲ್ಲಿ ಮದ್ದುಗುಂಡು ಸಿಡಿದು ಆರು ಎಲ್.ಎಸ್.ಟಿ.ಗಳು ಹಾಳಾದವು, 163 ಜನ ಸತ್ತರು. ಆ ಸುದ್ದಿಯೂ ಬಹಳ ವರ್ಷ ಗುಟ್ಟು. ಸ್ಲ್ಯಾಪ್ಟನ್ನಿನ ಸತ್ತವರನ್ನು ನೆನಪಿಗೆ ತಂದದ್ದು ಯಾವ ಜನರಲ್ಲೂ ಅಲ್ಲ. ಕೆನ್ ಸ್ಮಾಲ್ ಎಂಬ ಸಾಮಾನ್ಯ ಮನುಷ್ಯ. ಅಲ್ಲಿಯೇ ಅತಿಥಿಗೃಹ ನಡೆಸಿಕೊಂಡು ದಂಡೆಯಲ್ಲಿ ಅಡ್ಡಾಡುತ್ತಿದ್ದವನು. ಸಮುದ್ರದಡಿ ಟ್ಯಾಂಕೊಂದು ಬಿದ್ದಿದೆಯೆಂದು ಕೇಳಿ, ಅಮೆರಿಕ ಸರ್ಕಾರದಿಂದ ಅದನ್ನು 50 ಡಾಲರಿಗೆ ಕೊಂಡು, ವರ್ಷಗಟ್ಟಲೆ ಓಡಾಡಿ, 1984ರಲ್ಲಿ ಮೇಲಕ್ಕೆತ್ತಿಸಿ ಟಾರ್‌ಕ್ರಾಸ್ ಹಳ್ಳಿಯ ದಂಡೆಯಲ್ಲಿ ನಿಲ್ಲಿಸಿದ. ಆ ತುಕ್ಕಿನ ಟ್ಯಾಂಕು ಯುದ್ಧವನ್ನು ಹೊಗಳುವುದಿಲ್ಲ. ಇಷ್ಟು ಜನ ಇಲ್ಲಿ ಸತ್ತರು ಎನ್ನುತ್ತದೆ. ಅದೂ ಹಳೆಯ ಕಬ್ಬಿಣವೇ ತಾನೆ?

ನಾಲ್ಕನೆಯದು: "ಫೋಟೋ ತೆಗೆದಿಟ್ಟರೆ ಸಾಲದೆ?" ಸಾಲದು. 325ರ ಒಳಗೆ ಎರಡು ಡೀಸೆಲ್ ಎಂಜಿನ್ನುಗಳಿವೆ, ತಲಾ 900 ಅಶ್ವಶಕ್ತಿ. ಮೂಲತಃ ರೈಲು ಎಳೆಯಲು ರೂಪುಗೊಂಡ ವಂಶದ ಎಂಜಿನ್ನು. 1962ರಲ್ಲಿ ನಮ್ಮ ರೈಲ್ವೆ ಅಮೆರಿಕದಿಂದ ತರಿಸಿದ ಡಬ್ಲ್ಯು.ಡಿ.ಎಂ. 4 ಡೀಸೆಲ್ ಗಾಡಿಗಳಲ್ಲೂ ಇದೇ ವಂಶದ ಎಂಜಿನ್ನಿತ್ತು. ಇಂಥ ಎಂಜಿನ್ನನ್ನು ಚಾಲೂ ಮಾಡುವಾಗ ಯಾವ ಕವಾಟ ಎಷ್ಟು ತಿರುಗಿಸಬೇಕು, ಸದ್ದು ಹೇಗೆ ಬದಲಾದರೆ ಎಲ್ಲಿ ನೋಡಬೇಕು ಎಂಬುದು ಫೋಟೋದಲ್ಲಿ ಬರುವುದಿಲ್ಲ, ಪುಸ್ತಕದಲ್ಲೂ ಪೂರ್ತಿ ಬರುವುದಿಲ್ಲ. ಅದು ಕೈಯಲ್ಲಿರುವ ವಿದ್ಯೆ. ಕೈಯಿಂದ ಕೈಗೇ ಹೋಗಬೇಕು. ಹೋಗಬೇಕಾದರೆ ನಡುವೆ ಎಂಜಿನ್ನಿರಬೇಕು. ಮುದುಕರು ಹಡಗನ್ನು ಎಳೆಸಿಕೊಂಡು ಬರದೆ ಓಡಿಸಿಕೊಂಡು ಬಂದದ್ದರ ಬೆಲೆ ಇರುವುದು ಇಲ್ಲಿ.

ಎಲ್ಲವನ್ನೂ ಉಳಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಉಕ್ಕು ಕರಗಬೇಕು, ಹೊಸದಾಗಬೇಕು. 'ವಿಕ್ರಾಂತ್'ನ ತಳ ಸವೆದಿತ್ತು, ರಿಪೇರಿಗೆ ಹಣ ಬೇಕಿತ್ತು, ಮಾರಿದವರೆಲ್ಲ ಕಟುಕರಲ್ಲ. ಆದರೆ ಲೆಕ್ಕ ಹಾಕಿ, ನೊಂದು, ಬೇರೆ ದಾರಿಯಿಲ್ಲವೆಂದು ಕಳಿಸುವುದು ಒಂದು. "ಹಳೇ ಕಬ್ಬಿಣ, ಗೋಳಾಟ ಯಾಕೆ" ಎಂದು ಕಾಫಿ ಹೀರುವುದು ಇನ್ನೊಂದು. ನನ್ನ ಜಗಳ ಎರಡನೆಯದರ ಜೊತೆ. ಅದು ಹಡಗಿನ ಮೇಲಿನ ತೀರ್ಪಲ್ಲ, ದುಡಿಮೆಯ ಮೇಲಿನ ತೀರ್ಪು. ದುಡಿದದ್ದಾಯಿತು, ಸಂಬಳ ಕೊಟ್ಟದ್ದಾಯಿತು, ಇನ್ನು ತೂಕಕ್ಕೆ ಹಾಕಿ ಎಂಬ ತೀರ್ಪು.

ಇಷ್ಟು ಬಿಸಿಯಾಗಿ ಬರೆಯುವ ಹಕ್ಕು ನನಗೇನಿದೆ ಎಂದು ಕೇಳಿದರೆ, ಹಕ್ಕಿಲ್ಲ, ತಪ್ಪಿದೆ. ನಮ್ಮ ತಂದೆಯವರು ಇಲ್ಲಿಯ ಗೋದಿಯಲ್ಲಿ ಟ್ಯಾಲಿ ಗುಮಾಸ್ತರಾಗಿದ್ದರು. ಹಡಗಿನಿಂದ ಇಳಿಯುವ ಮೂಟೆ, ಪೆಟ್ಟಿಗೆಗಳನ್ನು ಎಣಿಸಿ ಬರೆಯುವ ಕೆಲಸ. ಊರಿನಿಂದ ಒಂದು ಹಾಸಿಗೆ ಸುರುಳಿ ಹಿಡಿದು ಬಂದು, ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು. ಕಚೇರಿಯ ಲೆಕ್ಕ ಒಪ್ಪಿಸಿದ ಮೇಲೆ ತಮ್ಮ ಸಮಾಧಾನಕ್ಕೆಂದು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರು: ಇಂದು ಇಂಥ ಹಡಗು, ಇಂಥ ದೇಶದ್ದು, ಇಷ್ಟು ಗೋಧಿ, ಇಷ್ಟು ಗೊಬ್ಬರ, ಮಳೆ ಇತ್ತು ಅಥವಾ ಇರಲಿಲ್ಲ, ಯಾರಿಗೋ ಕಾಲಿಗೆ ಪೆಟ್ಟಾಯಿತು. ಮೂವತ್ತು ವರ್ಷದ ನೋಟ್‌ಬುಕ್ಕುಗಳು ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. ಅವರು ತೀರಿಕೊಂಡ ಮರು ವರ್ಷ ನಾವು ಮನೆ ಬದಲಾಯಿಸಿದೆವು. ಹೊಸ ಮನೆಯಲ್ಲಿ ಟ್ರಂಕಿಗೆ ಜಾಗವಿರಲಿಲ್ಲ. ರದ್ದಿಯವನು ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹನ್ನೊಂದು ಕಿಲೋ ತೂಗಿತು. ಅಮ್ಮ ಒಳಗಿನಿಂದ, "ಅದರಾಗೆ ಅಪ್ಪನ ಪುಸ್ತಕ ಇಲ್ಲ ತಾನೇನೋ?" ಎಂದು ಕೇಳಿದರು. "ಹಳೇ ಕಾಗದ ಅಮ್ಮ" ಎಂದೆ.

ಕಳೆದ ತಿಂಗಳು ಹಿರಿಯರ ಬಾಯಿಂದ "ಹಳೇ ಕಬ್ಬಿಣ" ಎಂಬ ಮಾತು ಬಂದಾಗ ನನ್ನ ಬಾಯಿ ಕಟ್ಟಿದ್ದು ಉತ್ತರ ಹೊಳೆಯದೆ ಮಾತ್ರ ಅಲ್ಲ.

ಆದುದರಿಂದ ಕಾರ್ಯಕಾರಿ ಸಮಿತಿಯವರ ಪರಿಶೀಲನೆಗೆ ಒಂದು ಸಲಹೆ. ಹಡಗು ಕೊಳ್ಳಿ ಎಂದು ನಾನು ಕೇಳುವುದಿಲ್ಲ. ನಮ್ಮ ಸಂಘದಲ್ಲಿ ಎಪ್ಪತ್ತು ದಾಟಿದ ಹಿರಿಯರು ಎಷ್ಟೋ ಜನರಿದ್ದಾರೆ. ಗಿರಣಿಯಲ್ಲಿ, ಗೋದಿಯಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ, ರೈಲ್ವೆಯಲ್ಲಿ, ಅಂಚೆಯಲ್ಲಿ ದುಡಿದವರು. ಪ್ರತಿ ತಿಂಗಳ ಸಭೆಯ ನಂತರ, ಕಾಫಿಯ ಆ ಅರ್ಧ ಗಂಟೆಯಲ್ಲಿ, ಒಬ್ಬರನ್ನು ಕುರ್ಚಿಯ ಮೇಲೆ ಕೂರಿಸಿ, ಕಾಲೇಜಿಗೆ ಹೋಗುವ ಒಬ್ಬ ಹುಡುಗನೋ ಹುಡುಗಿಯೋ ನೋಟ್‌ಬುಕ್ಕು ಹಿಡಿದು ಎದುರಿಗೆ ಕೂರಲಿ. ಸನ್ಮಾನದ ಶಾಲು ಬೇಡ, ಭಾಷಣ ಬೇಡ. ಎಷ್ಟನೆಯ ಇಸವಿಯಲ್ಲಿ ಬಂದಿರಿ, ಮೊದಲ ದಿನದ ಕೆಲಸ ಏನು, ಆ ಯಂತ್ರ ಹೇಗೆ ನಡೆಯುತ್ತಿತ್ತು, ಎಷ್ಟು ಸಂಬಳ, ಜೊತೆಗಿದ್ದವರು ಯಾರು, ಇಷ್ಟೇ ಕೇಳಲಿ. ಬರೆದದ್ದನ್ನು ಈ ಮಾಸಪತ್ರಿಕೆಯಲ್ಲಿ ಒಂದೊಂದು ಪುಟ ಅಚ್ಚು ಹಾಕೋಣ. ಹಾಗೆಯೇ, ಸದಸ್ಯರಲ್ಲಿ ಯಾರೇ ಮನೆ ಖಾಲಿ ಮಾಡುವಾಗ, ರದ್ದಿಯವನನ್ನು ಕರೆಯುವ ಮುಂಚೆ ನಮ್ಮ ಗ್ರಂಥಾಲಯದವರಿಗೆ ಒಂದು ಫೋನು ಮಾಡಲಿ.

ಮೊದಲ ಸರದಿಗೆ, "ಹಳೇ ಕಬ್ಬಿಣ" ಎಂದ ನಮ್ಮ ಆ ಹಿರಿಯ ಸದಸ್ಯರನ್ನೇ ಕೂರಿಸಬೇಕೆಂದು ಸೂಚಿಸುತ್ತೇನೆ. ಅವರು ಮೂವತ್ತೆಂಟು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನೋಟ್‌ಬುಕ್ಕು ನಾನೇ ತರುತ್ತೇನೆ.